ಚೆಸ್ ತಂತ್ರಾಂಶಕ್ಕೆ ಕನ್ನಡದ ಕೈಪಿಡಿ ಬರೆಯುವುದು ಹೇಗೆ?

ಶಿವಗಂಗೆಯ ಹೈಸ್ಕೂಲು ಹುಡುಗಿಯೊಬ್ಬಳು ಕಂಪ್ಯೂಟರಿಗೆ ಸ್ಟಾಕ್‌ಫಿಶ್ ಇಳಿಸಿಕೊಂಡಳು ಎಂದಿಟ್ಟುಕೊಳ್ಳಿ. 2008ರಲ್ಲಿ ಹುಟ್ಟಿದ ಈ ಮುಕ್ತ ತಂತ್ರಾಂಶ ಇವತ್ತು ವಿಶ್ವ ಚಾಂಪಿಯನ್ನರನ್ನೂ ಸೋಲಿಸುವಷ್ಟು ಬಲಶಾಲಿ, ಕಾಸೂ ಕೇಳುವುದಿಲ್ಲ. ಆದರೆ ಫೈಲಿನ ಮೇಲೆ ಕ್ಲಿಕ್ ಮಾಡಿದರೆ ಬರುವುದು ಕಪ್ಪು ಪರದೆ. ಬೋರ್ಡೂ ಇಲ್ಲ, ಕಾಯಿಗಳೂ ಇಲ್ಲ. ಕೆಟ್ಟುಹೋಗಿದೆ ಎಂದುಕೊಂಡು ಅವಳು ಅಳಿಸಿಹಾಕುತ್ತಾಳೆ. ಕೆಟ್ಟಿರುವುದೇನೂ ಇಲ್ಲ, ಸ್ಟಾಕ್‌ಫಿಶ್ ಯೋಚಿಸುವ ಎಂಜಿನ್ ಮಾತ್ರ, ಬೋರ್ಡ್ ತೋರಿಸುವುದಕ್ಕೆ ಬೇರೆ ತಂತ್ರಾಂಶ ಬೇಕು. ಕೈಪಿಡಿಯ ಮೊದಲ ಸಾಲು ಇದೇ ಆಗಿರಬೇಕು.

ಎರಡನೆಯ ಸಾಲು, ಇವೆರಡನ್ನು ಜೋಡಿಸುವ ಬಗೆ. ಎಂಜಿನ್ ಮತ್ತು ಬೋರ್ಡ್ ಮಾತಾಡಿಕೊಳ್ಳುವುದು ಯುಸಿಐ ಎಂಬ ನಿಯಮಾವಳಿಯಲ್ಲಿ. 2000ದಲ್ಲಿ ಇದನ್ನು ರೂಪಿಸಿದವರು ಸ್ಟೆಫಾನ್ ಮೇಯರ್-ಕಾಲೆನ್ ಮತ್ತು ರುಡಾಲ್ಫ್ ಹ್ಯೂಬರ್. ಕಾಯಿಗಳು ಎಲ್ಲೆಲ್ಲಿವೆ ಎಂದು ಬೋರ್ಡ್ ತಿಳಿಸಿ ‘ಹುಡುಕು’ ಎನ್ನುತ್ತದೆ. ಎಂಜಿನ್ ಹುಡುಕಿ, ತನಗೆ ಕಂಡ ಒಳ್ಳೆಯ ನಡೆಯನ್ನು ಹಿಂದಕ್ಕೆ ಕಳಿಸುತ್ತದೆ. ಆಡುವವರಿಗೆ ಈ ಆದೇಶಗಳ ಪಟ್ಟಿ ಬೇಡ. ಸ್ಕಿಡ್ ಅಥವಾ ಎನ್ ಕ್ರೊಸಾಂತ್‌ನಂಥ ಬೋರ್ಡ್ ತಂತ್ರಾಂಶ ತೆರೆದು, ಯಾವ ಮೆನುವಿನಲ್ಲಿ ಎಂಜಿನ್ ಸೇರಿಸಬೇಕು ಎಂಬುದು ಬೇಕು, ಅದೂ ಪರದೆಯ ಚಿತ್ರದ ಸಮೇತ.

ಹೆಚ್ಚು ಶ್ರಮ ಬೇಡುವುದು ಎಂಜಿನ್ ಕೊಡುವ ಅಂಕಿಯ ವಿವರಣೆ. ಬೋರ್ಡಿನ ಪಕ್ಕದಲ್ಲಿ +1.00 ಎಂದು ಕಂಡರೆ ಏನರ್ಥ? ಒಂದು ಪದಾತಿಯಷ್ಟು ಮುಂದಿದ್ದಾರೆ ಎಂಬುದು ಹಳೆಯ ಪುಸ್ತಕಗಳ ಉತ್ತರ. 2022ರ ಡಿಸೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 15.1 ಈ ಅಳತೆಯನ್ನೇ ಬದಲಿಸಿತು. ಅಲ್ಲಿಂದೀಚೆಗೆ 1.00 ಎಂದರೆ, ಎಂಜಿನ್ ತನ್ನಷ್ಟೇ ಬಲದ ಎಂಜಿನ್ನಿನ ಜೊತೆ ಆ ಸ್ಥಿತಿಯಿಂದ ಆಡಿದರೆ ಗೆಲ್ಲುವ ಸಂಭವ ಸುಮಾರು 50%. ಮನುಷ್ಯರಿಬ್ಬರ ಆಟಕ್ಕೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ ಎಂದೂ ಸೇರಿಸಬೇಕು, ಇಲ್ಲದಿದ್ದರೆ ಮಗು +1.00 ನೋಡಿ ಆಟ ಮುಗಿಯಿತೆಂದು ಭಾವಿಸುತ್ತದೆ. ಇನ್ನೊಂದು ತೊಡಕೂ ಇದೆ: ಎಂಜಿನ್ ಅಂಕ ಕೊಡುವುದು ಈಗ ನಡೆಸಬೇಕಾದವರ ಕಡೆಯಿಂದ, ಬಹಳಷ್ಟು ಬೋರ್ಡುಗಳು ಅದನ್ನು ಬಿಳಿಯವರ ಕಡೆಯಿಂದ ತೋರಿಸುತ್ತವೆ. ಯಾವ ಆವೃತ್ತಿಗೆ ಬರೆದದ್ದು ಎಂಬುದು ಪ್ರತಿ ಪುಟದ ತಲೆಯಲ್ಲಿ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಅಂಕಿಯ ಅರ್ಥ ಹೀಗೆ ಬದಲಾಗುವುದರಿಂದಲೇ.

ಫೋನಿನಲ್ಲಿ ಆಡುವವರಿಗೆ ಲಿಚೆಸ್ ಎಂಬ ಚೆಸ್ ತಾಣ ಇದೆ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ್ದು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಗುಂಡಿಗಳ ಮೇಲಿನ ಕನ್ನಡ ಕೈಪಿಡಿಯ ಕೆಲಸ ಮಾಡಲಾರದು. ಉದಾಹರಣೆಗೆ, ಲಿಚೆಸ್ ಹೊಸಬರಿಗೆ 1500 ರೇಟಿಂಗ್ ಕೊಟ್ಟು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತದೆ. ಮೊದಲ ಆಟ ಸೋತಾಗ ಅಂಕ ದಡಾರನೆ ಕುಸಿಯುತ್ತದೆ, ಮಕ್ಕಳ ಮುಖ ಬಾಡುತ್ತದೆ. ಆಟಗಾರರ ಬಲ ಇನ್ನೂ ಖಚಿತವಾಗಿಲ್ಲವಾದ್ದರಿಂದ ಗ್ಲಿಕೊ-2 ಎಂಬ ರೇಟಿಂಗ್ ಪದ್ಧತಿ ಅಂಕವನ್ನು ದೊಡ್ಡ ಹೆಜ್ಜೆಗಳಲ್ಲಿ ಸರಿಸುತ್ತದೆ, ಆಡುತ್ತಾ ಹೋದಂತೆ ಹೆಜ್ಜೆ ಚಿಕ್ಕದಾಗುತ್ತದೆ. ಈ ಎರಡು ಮಾತು ಮೊದಲೇ ಓದಿದ್ದರೆ ಎಷ್ಟೋ ಮಕ್ಕಳು ಆಟ ಬಿಡುವುದಿಲ್ಲ. ಹಾಗೆಯೇ ಎದುರಾಳಿಯ ಪದಾತಿ ಓರೆಯಾಗಿ ಬಂದು ಪಕ್ಕದಲ್ಲಿದ್ದ ನಮ್ಮ ಪದಾತಿಯನ್ನು ಹೊಡೆದರೆ ಅದು ಆನ್ ಪಾಸಾಂ ನಿಯಮ, ತಂತ್ರಾಂಶದ ದೋಷವಲ್ಲ ಎಂದೂ ಬರೆಯಬೇಕು. ಒಂದೇ ಸ್ಥಿತಿ ಮೂರು ಸಲ ಬಂದರೆ ಲಿಚೆಸ್‌ನಲ್ಲಿ ಡ್ರಾ ಕೇಳಿ ಪಡೆಯಬೇಕು, ಐದು ಸಲ ಬಂದರೆ ತಾನಾಗಿಯೇ ಆಗುತ್ತದೆ.

ಶಿವಗಂಗೆ ಬೆಟ್ಟ ಹತ್ತುವವರಿಗೆ ದಾರಿ ಹೇಳುವ ಊರಿನವರು ಮೊದಲು ಗಂಗಾಧರೇಶ್ವರ, ಆಮೇಲೆ ಒಳಕಲ್ಲು ತೀರ್ಥ, ಅದರ ಮೇಲೆ ನಂದಿ ಎಂದು ಕಾಲು ನಡೆಯುವ ಕ್ರಮದಲ್ಲೇ ಹೇಳುತ್ತಾರೆ. ಕೈಪಿಡಿಯೂ ಹಾಗೆ ಬಳಸುವವರ ಮೊದಲ ಗಂಟೆಯನ್ನು ಹಿಂಬಾಲಿಸಬೇಕು. ತಂತ್ರಾಂಶ ಬರೆದವರು ಮೆನುಗಳ ಕ್ರಮ ಹಿಡಿದು ಹೋಗುತ್ತಾರೆ; ಓದುವವರು ಅಲ್ಲೇ ತಪ್ಪಿಹೋಗುತ್ತಾರೆ.

ಆಟಗಳನ್ನು ವಿವರಿಸುವ ಬರವಣಿಗೆ ನಮ್ಮ ನಾಡಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಅದಕ್ಕೆಂದೇ ಕೌತುಕನಿಧಿ ಎಂಬ ಭಾಗವನ್ನು ಇಟ್ಟರು.

ಬರೆದಾದ ಮೇಲೆ ಪರೀಕ್ಷೆ. ಚೆಸ್ ಗೊತ್ತಿದ್ದು ಆ ತಂತ್ರಾಂಶ ಗೊತ್ತಿಲ್ಲದವರ ಕೈಗೆ ಪುಟ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಿ. ಬಾಯಿಬಿಟ್ಟು ಸಹಾಯ ಮಾಡಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ವಾಕ್ಯ ಸೋತಿದೆ. ಮಂತ್ರಿ ಎಂದು ಶುರು ಮಾಡಿದ್ದರೆ ಕೊನೆಯವರೆಗೂ ಮಂತ್ರಿಯೇ ಇರಲಿ, ನಡುವೆ ರಾಣಿ ಬರಬಾರದು. ನೆಟ್ ಇಲ್ಲದೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಮೇಲೆಯೇ ಬರೆಯಿರಿ. ಹಳ್ಳಿಯ ಓದುಗರು ಮೊದಲು ಹುಡುಕುವುದು ಅದನ್ನೇ.

ಲಿಚೆಸ್‌ನ ಅನುವಾದ ಕ್ರೌಡಿನ್ ತಾಣದಲ್ಲಿ ನಡೆಯುತ್ತದೆ, ಖಾತೆ ತೆರೆದು ಕನ್ನಡ ಆರಿಸಿಕೊಂಡರೆ ಆಯಿತು. ಸ್ಟಾಕ್‌ಫಿಶ್‌ನ ಬಳಕೆದಾರರ ಪುಟಗಳು ಗಿಟ್‌ಹಬ್‌ನಲ್ಲಿವೆ. ಎರಡಕ್ಕೂ ಪ್ರೋಗ್ರಾಮಿಂಗ್ ಬರಬೇಕಿಲ್ಲ. ನಿಮ್ಮೂರ ಶಾಲೆಯಲ್ಲಿ ಚೆಸ್ ಹೇಳಿಕೊಡುವ ಮೇಷ್ಟ್ರೋ ಟೀಚರೋ ಇದ್ದರೆ ಅವರ ಜೊತೆ ಕೂತು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳನ್ನು ಈ ವಾರವೇ ಪಟ್ಟಿ ಮಾಡಿ, ಮೊದಲನೆಯದಕ್ಕೆ ಒಂದು ಪುಟ ಬರೆಯಿರಿ.