ಪದಚ್ಛೇದ ಮತ್ತು ಅರ್ಥಗ್ರಹಣ: ಇಂಗ್ಲಿಷ್ ಪದಗಳ ವಿಭಜನೆಯಲ್ಲಿ ಜಾನಪದ ನಿರುಕ್ತಿ

ಇಂಗ್ಲಿಷ್ ಪದವೊಂದನ್ನು ಹೈಫನ್ ಇಟ್ಟು ಒಡೆಯುವುದಕ್ಕೆ ಎರಡು ಆಧಾರಗಳಿವೆ. ಒಂದು ಉಚ್ಚಾರಾಂಶ, ಇನ್ನೊಂದು ಅರ್ಥಘಟಕ. ಇವೆರಡರ ಗಡಿಗಳು ಎಲ್ಲ ಪದಗಳಲ್ಲಿಯೂ ಒಂದೇ ಕಡೆ ಬೀಳುವುದಿಲ್ಲ. ಜನಸಾಮಾನ್ಯರು ಕಿವಿಗೆ ಬಿದ್ದ ತುಂಡುಗಳಿಗೇ ಅರ್ಥವನ್ನು ಹೊಂದಿಸಿಕೊಳ್ಳುತ್ತಾರೆ. ಜಾನಪದ ನಿರುಕ್ತಿ ಹುಟ್ಟುವುದು ಈ ಅಂತರದಲ್ಲಿಯೇ. ಅದನ್ನು ಅಜ್ಞಾನವೆಂದು ತಳ್ಳಿಹಾಕದೆ ಪದಸೃಷ್ಟಿಯ ಒಂದು ಶಕ್ತಿಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1783ರಲ್ಲಿ ಪ್ರಕಟಿಸಿದ ಕಾಗುಣಿತ ಪುಸ್ತಕದಲ್ಲಿ 'ಕ್ಲ-ಸ್ಟರ್' ಎಂಬ ಹಳೆಯ ವಿಭಜನೆಯನ್ನು ಕೈಬಿಟ್ಟು, ಉಚ್ಚಾರಣೆಗೆ ಹೊಂದುವ 'ಕ್ಲಸ್-ಟರ್' ಎಂಬ ಕ್ರಮವನ್ನು ಅನುಸರಿಸಿದನು. ಅಮೆರಿಕದ ನಿಘಂಟುಗಳು ಬಹುಮಟ್ಟಿಗೆ ಇದೇ ಹಾದಿಯಲ್ಲಿ ನಡೆದವು. ಬ್ರಿಟಿಷ್ ಮುದ್ರಣ ಸಂಪ್ರದಾಯವಾದರೋ ವ್ಯುತ್ಪತ್ತಿಗೆ ಹೆಚ್ಚಿನ ಮನ್ನಣೆ ನೀಡಿತು. 'ಡೆಮಾಕ್ರಸಿ' ಪದವು ಅಮೆರಿಕದಲ್ಲಿ 'ಡಿ-ಮಾಕ್-ರ-ಸಿ' ಎಂದು ಒಡೆದರೆ, ಬ್ರಿಟಿಷ್ ಕ್ರಮದಲ್ಲಿ 'ಡೆಮೊ-ಕ್ರಸಿ' ಎಂದಾಗುತ್ತದೆ. ಎರಡನೆಯದರಲ್ಲಿ ಜನ ಎಂಬರ್ಥದ 'ಡೆಮೋಸ್', ಅಧಿಕಾರ ಎಂಬರ್ಥದ 'ಕ್ರಾಟೋಸ್' ಎಂಬ ಗ್ರೀಕ್ ಮೂಲಗಳು ಉಳಿದುಕೊಳ್ಳುತ್ತವೆ.

ಕೆಲವೆಡೆ ಅರ್ಥವೇ ವಿಭಜನೆಯನ್ನು ನಿರ್ಧರಿಸುತ್ತದೆ. ದಾಖಲೆ ಎಂಬರ್ಥದ ನಾಮಪದ 'ರೆಕ್-ಅರ್ಡ್'. ದಾಖಲಿಸು ಎಂಬ ಕ್ರಿಯಾಪದ 'ರಿ-ಕಾರ್ಡ್'. ಬರೆಹದಲ್ಲಿ ಎರಡೂ ಒಂದೇ. 1983ರಲ್ಲಿ ಫ್ರಾಂಕ್ಲಿನ್ ಲಿಯಾಂಗ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಗಣಕ ವಿಧಾನವು ಅಕ್ಷರಗಳ ಜೋಡಣೆಯನ್ನಷ್ಟೇ ನೋಡುತ್ತದೆ. ಆದಕಾರಣ ಅದನ್ನು ಬಳಸುವ 'ಟೆಕ್' ಅಕ್ಷರಜೋಡಣೆ ವ್ಯವಸ್ಥೆಯು 'ಪ್ರೆಸೆಂಟ್', 'ಪ್ರಾಜೆಕ್ಟ್' ಎಂಬ ಇಂಥವೇ ಪದಗಳನ್ನು ಒಡೆಯಬಾರದ ಅಪವಾದಗಳ ಪಟ್ಟಿಯಲ್ಲಿ ಇರಿಸಿದೆ.

ಇನ್ನು ಜನರ ವಿಭಜನೆ. 'ಹೆಲಿಕಾಪ್ಟರ್' ಪದದ ಮೂಲ ಘಟಕಗಳು ಸುರುಳಿ ಎಂಬರ್ಥದ 'ಹೆಲಿಕೊ' ಮತ್ತು ರೆಕ್ಕೆ ಎಂಬರ್ಥದ 'ಪ್ಟರ್'. ಆಡುವವರ ಬಾಯಲ್ಲಿ ಅದು 'ಹೆಲಿ' ಮತ್ತು 'ಕಾಪ್ಟರ್' ಆಯಿತು, 'ಹೆಲಿಪ್ಯಾಡ್' ಹುಟ್ಟಿತು. ಜರ್ಮನಿಯ ಹ್ಯಾಂಬರ್ಗ್ ಊರಿನಿಂದ ಬಂದ 'ಹ್ಯಾಂಬರ್ಗರ್' ಪದದಲ್ಲಿ ಹಂದಿಮಾಂಸವೆಂಬರ್ಥದ 'ಹ್ಯಾಮ್' ಇಲ್ಲ. ಆದರೂ 'ಬರ್ಗರ್' ಬೇರ್ಪಟ್ಟು 'ಚೀಸ್‌ಬರ್ಗರ್' ಸಿದ್ಧವಾಯಿತು. ಹೆಚ್ಚುವರಿ ಹೆಸರು ಎಂಬರ್ಥದ 'ಆನ್ ಈಕ್‌ನೇಮ್' ಎಂಬುದರಲ್ಲಿ ನಕಾರವು ಮುಂದಕ್ಕೆ ಸರಿದು 'ನಿಕ್‌ನೇಮ್' ಆಯಿತು. 'ಎ ನ್ಯಾಪ್ರನ್' ಎಂಬುದರಲ್ಲಿ ಅದು ಹಿಂದಕ್ಕೆ ಸರಿದು 'ಏಪ್ರನ್' ಉಳಿಯಿತು. ಶಾಸ್ತ್ರದೃಷ್ಟಿಯಿಂದ ತಪ್ಪೆನಿಸುವ ಈ ವಿಭಜನೆಗಳೇ ಇಂದು ನಿಘಂಟಿನ ಪದಗಳಾಗಿವೆ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರವು ಮುಂದಿನ ಸ್ವರದೊಡನೆ ಕೂಡುವುದರಿಂದ 'ಪುಸ್ತಕ' ಎಂಬುದನ್ನು 'ಪು-ಸ್ತ-ಕ' ಎಂದು ಬರೆಯುತ್ತೇವೆ. ಉಚ್ಚರಿಸುವಾಗ ಅದು 'ಪುಸ್-ತ-ಕ'. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ ನಮ್ಮ ಛಂದಸ್ಸು ಈ ಭೇದವನ್ನು ಬಹು ಹಿಂದೆಯೇ ಗುರುತಿಸಿದೆ. ಲಿಪಿಯ ರೂಢಿಯಿಂದ 'ಕ್ಲ-ಸ್ಟರ್' ಎಂದು ಒಡೆಯುವ ವಿದ್ಯಾರ್ಥಿಗೆ ಗುರು-ಲಘು ಪಾಠದ ಮೂಲಕವೇ ಇಂಗ್ಲಿಷ್ ಉಚ್ಚಾರಾಂಶವನ್ನು ಮನಗಾಣಿಸಬಹುದು.

ಒಟ್ಟಿನಲ್ಲಿ, ಹೈಫನ್ ಓದಿಗೆ ನೆರವಾಗುತ್ತದೆಯೇ ಹೊರತು ಅರ್ಥಕ್ಕೆ ಪ್ರಮಾಣವಾಗಲಾರದು. ದ್ವಿಭಾಷಾ ನಿಘಂಟುಗಳು ಉಚ್ಚಾರಾಂಶಕ್ಕೂ ವ್ಯುತ್ಪತ್ತಿಗೂ ಪ್ರತ್ಯೇಕ ಚಿಹ್ನೆಗಳನ್ನು ಬಳಸುವುದು, ಜೊತೆಗೆ ಜನಬಳಕೆಯ ವಿಭಜನೆಯನ್ನೂ ದಾಖಲಿಸುವುದು ಅವಶ್ಯಕ. ಪದದ ಚರಿತ್ರೆ ಪೂರ್ಣವಾಗುವುದು ಈ ಮೂರೂ ಒಟ್ಟಿಗೆ ದೊರೆತಾಗ ಮಾತ್ರ.