ಮಿಲಿಟರಿ ಲಾರಿಗೂ ಹೆವಿ ಲೈಸೆನ್ಸ್: ಒಂದು ನಿಯಮ ಬೆಳೆದು ಬಂದ ಹಾದಿ

ಸೇನೆಯ ಸೇವೆ ಮುಗಿಸಿ ಹರಾಜಿನಲ್ಲಿ ಖಾಸಗಿಯವರ ಕೈ ಸೇರಿದ ಭಾರಿ ಲಾರಿಯನ್ನು ರಸ್ತೆಗೆ ಇಳಿಸಲು, ಸರಕು ಸಾಗಿಸುವ ಲಾರಿಯ ಡ್ರೈವರ್‌ಗೆ ಬೇಕಾದ ಲೈಸೆನ್ಸೇ ಬೇಕು. ಮಾಲೀಕರು ಅದನ್ನು ಬಾಡಿಗೆಗೆ ಬಿಡದೆ ಬರೀ ಅಭಿಮಾನಕ್ಕೆ ಇಟ್ಟುಕೊಂಡಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ಭಾರತದ ಮೋಟಾರು ವಾಹನ ಕಾನೂನು ಮೊದಲು ಕೇಳುವುದು ವಾಹನ ಯಾವ ಕೆಲಸಕ್ಕೆ ತಯಾರಾದದ್ದು, ಅದರ ತೂಕ ಎಷ್ಟು ಎಂದು. ಲಾರಿ ಸಾಗಣೆಯ ಕೇಂದ್ರವಾದ ಹುಬ್ಬಳ್ಳಿ ಮತ್ತು ಅದರ ಜೋಡಿ ನಗರ ಧಾರವಾಡದಲ್ಲಿ ಇಂದು ಜಾರಿಯಲ್ಲಿರುವ ಈ ನಿಯಮದ ಹಿಂದೆ ನೂರು ವರ್ಷ ಮೀರಿದ ಇತಿಹಾಸವಿದೆ.

ಮುಂಬಯಿ ಪ್ರಾಂತ್ಯದಲ್ಲಿ ಆರಂಭ

ಧಾರವಾಡ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿನ ರಸ್ತೆಗಳಿಗೆ ಅನ್ವಯಿಸಿದ ಮೊದಲ ಮೋಟಾರು ಕಾನೂನು 1904ರ ಮುಂಬಯಿ ಕಾಯ್ದೆ. 1914ರಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಓಡಿಸಬಾರದು, 18 ವರ್ಷ ತುಂಬಿರಬೇಕು ಎಂಬುದು ಅದರ ಮುಖ್ಯ ಕಟ್ಟಳೆ.

ಕಾರಿನ ಚಾಲಕ ಬೇರೆ, ಲಾರಿಯ ಚಾಲಕ ಬೇರೆ ಎಂಬ ಭೇದ ಸ್ಪಷ್ಟವಾದದ್ದು 1939ರ ಮೋಟಾರು ವಾಹನ ಕಾಯ್ದೆಯಲ್ಲಿ. ಸಂಬಳಕ್ಕೆ ಓಡಿಸುವವರ ಮತ್ತು ಸಾರಿಗೆ ವಾಹನ ಓಡಿಸುವವರ ಲೈಸೆನ್ಸಿನಲ್ಲಿ ಆ ಅನುಮತಿ ಪ್ರತ್ಯೇಕವಾಗಿ ನಮೂದಾಗಿರಬೇಕು ಎಂದು ಅದು ವಿಧಿಸಿತು. ಬಾಡಿಗೆಗೆ ಸರಕು ಸಾಗಿಸುವ ಲಾರಿಗೆ ‘ಪಬ್ಲಿಕ್ ಕ್ಯಾರಿಯರ್’ ಪರ್ಮಿಟ್, ಸ್ವಂತ ಸರಕು ಸಾಗಿಸುವ ಲಾರಿಗೆ ‘ಪ್ರೈವೇಟ್ ಕ್ಯಾರಿಯರ್’ ಪರ್ಮಿಟ್ ಎಂಬ ವಿಂಗಡಣೆಯೂ ಅದರದೇ. ಹಳೆಯ ಲಾರಿಗಳ ಹಣೆಯ ಮೇಲೆ ಕಾಣುತ್ತಿದ್ದ ಬರಹದ ಮೂಲ ಇದು.

ಯುದ್ಧ ಬಿಟ್ಟುಹೋದ ಲಾರಿಗಳು

ಕಾಯ್ದೆ ಬಂದ ವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. ಷೆವರ್ಲೆ, ಫೋರ್ಡ್ ಕಂಪನಿಗಳ ಸೇನಾ ಲಾರಿಗಳು ದೊಡ್ಡ ಸಂಖ್ಯೆಯಲ್ಲಿ ಭಾರತಕ್ಕೆ ಬಂದವು. 1945ರಲ್ಲಿ ಯುದ್ಧ ಮುಗಿದಾಗ ಅವುಗಳಲ್ಲಿ ಬಹಳಷ್ಟು ಸೇನೆಗೆ ಬೇಡವಾದವು. ದೇಶದೊಳಗೆ ಲಾರಿ ತಯಾರಿಕೆ ಇನ್ನೂ ನೆಲೆಯೂರಿರಲಿಲ್ಲ; ಜಮ್ಶೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್-ಬೆಂಜ್ ಲಾರಿ ತಯಾರಾಗತೊಡಗಿದ್ದು 1954ರಲ್ಲಿ. ನಡುವಿನ ಆ ವರ್ಷಗಳಲ್ಲಿ ‘ಡಿಸ್ಪೋಸಲ್’ ಮಾರಾಟದ ಮಿಲಿಟರಿ ಗಾಡಿಗಳೇ ಎಷ್ಟೋ ಕಡೆ ಹೊಸ ಬಾಡಿ ಕಟ್ಟಿಸಿಕೊಂಡು ಸರಕು ಲಾರಿ, ಬಸ್ಸುಗಳಾದವು. ಸೇನೆಯ ವಾಹನ ನಾಗರಿಕರ ಕೈಗೆ ಬಂದಾಗ ಅದು ನಾಗರಿಕ ಕಾನೂನಿನ ಕಟ್ಟಿಗೂ ಒಳಪಡಬೇಕು ಎಂಬ ಅಗತ್ಯ ಬೇರೂರಿದ್ದು ಈ ಹಿನ್ನೆಲೆಯಲ್ಲಿ.

ಸ್ವಾತಂತ್ರ್ಯಾನಂತರ ಸೇನೆಯ ಲಾರಿಗಳು ದೇಶದಲ್ಲೇ ತಯಾರಾದವು. ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ರೂಪುಗೊಂಡಿತು. ನಿಸ್ಸಾನ್ ಒನ್ ಟನ್, ಜೋಂಗಾ ಗಾಡಿಗಳೂ ಅಲ್ಲಿಂದಲೇ ಬಂದವು. 1965 ಮತ್ತು 1971ರ ಯುದ್ಧಗಳಲ್ಲಿ ಸೈನಿಕರನ್ನೂ ಸಾಮಗ್ರಿಯನ್ನೂ ಹೊತ್ತ ಶಕ್ತಿಮಾನ್‌ನ ತಯಾರಿಕೆ 1990ರ ದಶಕದಲ್ಲಿ ನಿಂತಿತು. ಅದರ ಜಾಗವನ್ನು ಅಶೋಕ್ ಲೇಲ್ಯಾಂಡ್‌ನ ಸ್ಟ್ಯಾಲಿಯನ್ ಹಾಗೂ ಟಾಟಾ ಲಾರಿಗಳು ತುಂಬಿದವು.

ಅದೇ ಅವಧಿಯಲ್ಲಿ ಹುಬ್ಬಳ್ಳಿ ಲಾರಿ ಸಾಗಣೆಯ ದೊಡ್ಡ ಕೇಂದ್ರವಾಗಿ ಬೆಳೆಯಿತು. ಪುಣೆ-ಬೆಂಗಳೂರು ಹೆದ್ದಾರಿ, ಹತ್ತಿ ಮಾರುಕಟ್ಟೆ, ರೈಲ್ವೆ ಜಂಕ್ಷನ್ ಇದಕ್ಕೆ ಇಂಬು ಕೊಟ್ಟವು. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಂಸ್ಥೆ ಹುಬ್ಬಳ್ಳಿಯಲ್ಲಿ ನೆಲೆಯೂರಿ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲಿ ಒಂದಾಯಿತು. ಹೆವಿ ಲೈಸೆನ್ಸ್ ಇಲ್ಲಿ ಸಾವಿರಾರು ಮನೆಗಳ ಅನ್ನದ ದಾರಿ.

1988ರ ಕಾಯ್ದೆ ಎಳೆದ ಗೆರೆ

ಈಗಿನ ವ್ಯವಸ್ಥೆಗೆ ಆಧಾರ 1988ರ ಮೋಟಾರು ವಾಹನ ಕಾಯ್ದೆ. 1989ರ ಜುಲೈ 1ರಿಂದ ಜಾರಿಗೆ ಬಂದ ಇದರ ಎರಡು ಸೆಕ್ಷನ್‌ಗಳು ಮಿಲಿಟರಿ ವಾಹನಕ್ಕೆ ನೇರವಾಗಿ ಸಂಬಂಧಿಸಿವೆ. ಸೆಕ್ಷನ್ 18ರ ಪ್ರಕಾರ, ರಕ್ಷಣಾ ಕಾರ್ಯದಲ್ಲಿರುವ ಕೇಂದ್ರ ಸರ್ಕಾರದ ವಾಹನ ಓಡಿಸಲು 18 ವರ್ಷ ತುಂಬಿದವರಿಗೆ ಪ್ರತ್ಯೇಕ ಪ್ರಾಧಿಕಾರ ಲೈಸೆನ್ಸ್ ಕೊಡಬಹುದು. ಆದರೆ ಅದು ಅಂಥ ವಾಹನಗಳಿಗೆ ಮಾತ್ರ ಸಲ್ಲುತ್ತದೆ. ಸೇನೆಯಲ್ಲಿ ವರ್ಷಗಟ್ಟಲೆ ಶಕ್ತಿಮಾನ್ ಓಡಿಸಿ ನಿವೃತ್ತರಾದ ಯೋಧರೂ ಅದೇ ಲಾರಿಯನ್ನು ಕೊಂಡು ಊರಿಗೆ ತಂದರೆ ಆರ್‌ಟಿಒ ಕೊಡುವ ನಾಗರಿಕ ಲೈಸೆನ್ಸ್ ಹೊಂದಿರಬೇಕು.

ಸೆಕ್ಷನ್ 60 ವಾಹನದ ನೋಂದಣಿಯದು. ಸೇನೆಯ ಒಡೆತನದಲ್ಲಿರುವವರೆಗೆ ಲಾರಿಗೆ ಬಾಣದ ಗುರುತಿನ ಮಿಲಿಟರಿ ನಂಬರ್ ಸಾಕು. ಒಡೆತನ ಬದಲಾದೊಡನೆ ಅದು ಸಾಮಾನ್ಯ ನೋಂದಣಿಗೆ ಒಳಪಡುತ್ತದೆ. ಹರಾಜಿನಲ್ಲಿ ಕೊಂಡವರು ರಕ್ಷಣಾ ಇಲಾಖೆಯ ಅಧಿಕಾರಿ ಸಹಿ ಮಾಡಿದ ಫಾರಂ 21ರ ಮಾರಾಟ ಪ್ರಮಾಣಪತ್ರವನ್ನು ಫಾರಂ 20ರ ಅರ್ಜಿಯೊಂದಿಗೆ ಸಲ್ಲಿಸಬೇಕು. ಧಾರವಾಡದಲ್ಲಾದರೆ ಕೆಎ-25, ಹುಬ್ಬಳ್ಳಿಯಲ್ಲಾದರೆ ಕೆಎ-63 ಸರಣಿಯ ನಂಬರ್ ಸಿಗುತ್ತದೆ.

ಖಾಸಗಿ ಬಳಕೆ ಎಂಬ ಸಮರ್ಥನೆ ಇಲ್ಲಿ ನಿಲ್ಲದಿರುವುದಕ್ಕೆ ಕಾರಣ ಕಾಯ್ದೆಯ ವ್ಯಾಖ್ಯಾನಗಳಲ್ಲಿದೆ. ಸರಕು ಸಾಗಿಸಲೆಂದೇ ನಿರ್ಮಿಸಿದ ವಾಹನ ‘ಸರಕು ಗಾಡಿ’, ಸರಕು ಗಾಡಿ ಎಂದರೆ ‘ಸಾರಿಗೆ ವಾಹನ’. ಅದರ ಮೇಲೆ ಸರಕು ಇದೆಯೋ ಇಲ್ಲವೋ, ಸಾರಿಗೆ ವಾಹನವಾಗಿ ಬಳಸಲು ಪರ್ಮಿಟ್ ಬೇಕು ಎನ್ನುತ್ತದೆ ಸೆಕ್ಷನ್ 66. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಅದರಲ್ಲಿ ವಿನಾಯಿತಿ ಇದೆ. 1939ರ ಕಾಯ್ದೆಯಲ್ಲಿದ್ದ ಪಬ್ಲಿಕ್, ಪ್ರೈವೇಟ್ ಎಂಬ ವಿಂಗಡಣೆಯೂ ಹೊಸ ಕಾಯ್ದೆಯಲ್ಲಿ ಉಳಿಯಲಿಲ್ಲ.

ತೂಕದ ಲೆಕ್ಕ

ಒಟ್ಟು ತೂಕ 7,500 ಕಿಲೋಗ್ರಾಂ ಮೀರದ್ದು ಲಘು ವಾಹನ, 12,000 ಕಿಲೋಗ್ರಾಂ ಮೀರಿದ್ದು ಭಾರಿ ಸರಕು ವಾಹನ, ನಡುವಿನದು ಮಧ್ಯಮ. ಮಧ್ಯಮ ಮತ್ತು ಭಾರಿ ವಾಹನಗಳಿಗೆ ಕಾಯ್ದೆಯಲ್ಲಿದ್ದ ಪ್ರತ್ಯೇಕ ಲೈಸೆನ್ಸ್ ವರ್ಗಗಳನ್ನು 1994ರ ತಿದ್ದುಪಡಿ ‘ಸಾರಿಗೆ ವಾಹನ’ ಎಂಬ ಒಂದೇ ವರ್ಗದಲ್ಲಿ ಸೇರಿಸಿತು. ಜನರ ಮಾತಿನಲ್ಲಿ ಅದು ಇಂದಿಗೂ ‘ಹೆವಿ’ಯೇ.

ಈ ತಿದ್ದುಪಡಿ ಹೊಸ ಗೊಂದಲ ಹುಟ್ಟಿಸಿತು. ಲಘು ಸರಕು ವಾಹನ ಓಡಿಸಲು ಕಾರಿನ ಲೈಸೆನ್ಸ್ ಸಾಲದೆ ಎಂಬ ಪ್ರಶ್ನೆ ಅಪಘಾತ ವಿಮೆಯ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಎದ್ದಿತು. ಸಾಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ನಿಸ್ಸಾನ್ ಒನ್ ಟನ್‌ನಂಥ ಚಿಕ್ಕ ಮಿಲಿಟರಿ ಗಾಡಿಗೆ ಲಘು ವಾಹನದ (ಎಲ್‌ಎಂವಿ) ಲೈಸೆನ್ಸ್ ಸಾಕು. ನೋಂದಣಿ ಪತ್ರದಲ್ಲಿ (ಆರ್‌ಸಿ) ನಮೂದಾದ ಒಟ್ಟು ತೂಕ 7,500 ಕಿಲೋಗ್ರಾಂ ದಾಟಿದರೆ ಹೆವಿ ಲೈಸೆನ್ಸ್ ತಪ್ಪದು.

ಲೈಸೆನ್ಸ್ ಪಡೆಯುವ ಕ್ರಮ

ಹೆವಿ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾದ ಮೇಲಷ್ಟೇ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಸಿಗುತ್ತದೆ. ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರ, ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲಿನ ಫಾರಂ 5 ತರಬೇತಿ ಪ್ರಮಾಣಪತ್ರ ಎರಡೂ ಬೇಕು. ಬಳಿಕ ಅದೇ ವರ್ಗದ ವಾಹನದಲ್ಲಿ ಪರೀಕ್ಷೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ರದ್ದಾಯಿತು. ಓದಿನ ಕೊರತೆಯಿಂದ ಹಿಂದೆ ಬಿದ್ದಿದ್ದ ಅನುಭವಿ ಕ್ಲೀನರ್‌ಗಳಿಗೆ ಅದು ನ್ಯಾಯ ಒದಗಿಸಿದ ಬದಲಾವಣೆ. ಅದೇ ವರ್ಷದ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹೆಚ್ಚಿಸಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ವಾಹನಕ್ಕೆ ವಿಮೆಯ ಜೊತೆ ಸುಸ್ಥಿತಿ ಪ್ರಮಾಣಪತ್ರವೂ (ಎಫ್‌ಸಿ) ಬೇಕು; ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದನ್ನು ಪ್ರತಿ ವರ್ಷ ನವೀಕರಿಸಬೇಕು.

ವಿಂಟೇಜ್ ನಿಯಮದ ಹೊರಗೆ

ಹಳೆಯ ವಾಹನಗಳ ಪರಂಪರೆಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2021ರ ಜುಲೈನಲ್ಲಿ. 50 ವರ್ಷ ಮೀರಿದ, ಮೂಲ ರೂಪದಲ್ಲೇ ಕಾಪಾಡಿಕೊಂಡ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ವಿಶೇಷ ನಂಬರ್ ಕೊಡುವ ನಿಯಮ ಆಗ ಬಂತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ಅದನ್ನು ರಸ್ತೆಗೆ ತರಬಹುದು. ಆದರೆ ನಿಯಮ ಹೇಳುವುದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳ ಬಗ್ಗೆ. ಸರಕು ಲಾರಿಗೆ ಅದರಲ್ಲಿ ಎಡೆಯಿಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿಕೊಂಡಿವೆ. ಬ್ರಿಟನ್ನಿನಲ್ಲಿ 1960ಕ್ಕಿಂತ ಮೊದಲು ತಯಾರಾದ ಲಾರಿಯನ್ನು ಸರಕಿಲ್ಲದೆ ಓಡಿಸಲು ಕಾರಿನ ಲೈಸೆನ್ಸ್ ಸಾಕಾಗುತ್ತದೆ. ಅಮೆರಿಕದ ಕೇಂದ್ರ ಕಾನೂನು 26,001 ಪೌಂಡ್ ಮತ್ತು ಅದಕ್ಕೂ ಹೆಚ್ಚು ತೂಕದ ವಾಹನಕ್ಕೆ ವಿಶೇಷ ಲೈಸೆನ್ಸ್ ಕೇಳುವುದು ಅದು ವಾಣಿಜ್ಯ ಬಳಕೆಯಲ್ಲಿದ್ದಾಗ. ಖಾಸಗಿ ಬಳಕೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ.

ಭಾರತದ ರಸ್ತೆಗಳಿಗೆ ಇಲ್ಲಿನ ಬಿಗಿಯೇ ಸರಿ. ಏರ್ ಬ್ರೇಕಿನ ಹಿಡಿತ, ಗೇರು ಬದಲಿಸುವ ಲಯ, ತಿರುವಿನಲ್ಲಿ ಬೇಕಾಗುವ ಜಾಗ ಇವೆಲ್ಲ ತರಬೇತಿಯಿಂದಲೇ ಬರಬೇಕು. ಮಾಲೀಕರ ಪ್ರೀತಿ ಅದಕ್ಕೆ ಬದಲಿಯಾಗದು. ಸಡಿಲಿಸಬೇಕಾದದ್ದು ವಾಹನದ ಮೇಲಿನ ಷರತ್ತುಗಳನ್ನು. ವರ್ಷಕ್ಕೆ ನಾಲ್ಕಾರು ಬಾರಿ ಹೊರಬರುವ ಲಾರಿಗೆ ಸರಕು ಪರ್ಮಿಟ್ ಅರ್ಥಹೀನ. 2021ರ ನಿಯಮದಲ್ಲಿ ಹಳೆಯ ಸೇನಾ ಮತ್ತು ಸರಕು ಲಾರಿಗಳಿಗೂ ಒಂದು ವರ್ಗ ಸೇರಿಸಿ, ಚಾಲಕರ ಪರೀಕ್ಷೆಯನ್ನು ಈಗಿನಂತೆಯೇ ಉಳಿಸಿಕೊಂಡರೆ, ರಸ್ತೆಯ ಸುರಕ್ಷತೆಗೆ ಕುಂದು ಬಾರದೆ ಈ ವಾಹನಗಳು ಗುಜರಿಗೆ ಹೋಗದಂತೆ ಉಳಿಸಬಹುದು.