ಕಬ್ಬಿಣದ ಒಳಮೈ

ಬಸ್ರೂರಿನ ಕಡೆ ಸವೆದ ಕತ್ತಿಯನ್ನು ಯಾರೂ ಬಿಸಾಡುವುದಿಲ್ಲ, ಕುಲುಮೆಗೆ ಒಯ್ದು ಹಣಿಸಿಕೊಂಡು ಬರುತ್ತಾರೆ. ಆಚಾರ್ರು ಕೆಂಡದಲ್ಲಿ ಕಾಸಿ, ತಟ್ಟಿ, ಅಲುಗಿನ ಬಣ್ಣ ನೋಡಿ ನೀರಿಗೆ ಅದ್ದುತ್ತಾರೆ. ಚುಂಯ್ ಎನ್ನುವ ಆ ಗಳಿಗೆಯಲ್ಲಿ ಉಕ್ಕಿನೊಳಗೆ ಏನಾಯಿತು? ಅದನ್ನು ಕಣ್ಣಿಗೆ ಕಾಣಿಸುವ ವಿದ್ಯೆಗೆ ಮೆಟಲೋಗ್ರಫಿ ಎಂದು ಹೆಸರು.

ತಾಳ್ಮೆ ಬೇಡುವ ಕೆಲಸ. ಚಿಕ್ಕ ತುಂಡೊಂದನ್ನು ರಾಳದ ಬಿಲ್ಲೆಯಲ್ಲಿ ಕೂರಿಸಿ ಒರಟು ಎಮರಿ ಕಾಗದದಿಂದ ನಯವಾದದ್ದರವರೆಗೆ ಉಜ್ಜುತ್ತಾ ಹೋಗಬೇಕು. ಕಾಗದ ಬದಲಿಸಿದಾಗಲೆಲ್ಲ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಒಂದೂ ಉಳಿಯದ ಹಾಗೆ ನೋಡಿಕೊಳ್ಳಬೇಕು. ಕೊನೆಗೆ ಬಟ್ಟೆಯ ಮೇಲೆ ಅಲ್ಯೂಮಿನಾ ಪುಡಿಯಿಂದ ಕನ್ನಡಿಯ ಹೊಳಪು. ಆದರೆ ಹೊಳಪು ಬಂದ ಮಾತ್ರಕ್ಕೆ ಹರಳುಗಳು ಕಾಣವು. ಆಲ್ಕೋಹಾಲಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿದ 'ನೈಟಲ್' ಸವರಿ, ಕೆಲವೇ ಸೆಕೆಂಡಿನಲ್ಲಿ, ಮೈ ಮಂಕಾಗುತ್ತಿದ್ದಂತೆಯೇ ತೊಳೆದುಬಿಡಬೇಕು. ಹರಳುಗಳ ಗಡಿ ಮೊದಲು ಸವೆಯುತ್ತದೆ. ಮಸೂರದಡಿ ಗದ್ದೆಯ ಅಂಚುಗಳಂತೆ ಗೆರೆಗಳು ಎದ್ದು ಬರುತ್ತವೆ.

1863ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹೆನ್ರಿ ಕ್ಲಿಫ್ಟನ್ ಸೋರ್ಬಿ ಹೀಗೆ ಉಕ್ಕನ್ನು ನೋಡಿದಾಗ ಕಂಡದ್ದು ಮುತ್ತಿನ ಚಿಪ್ಪಿನ ಒಳಮೈಯಂಥ ಮಿನುಗು. ಅದಕ್ಕೇ ಹಾಗೆ ಮಿನುಗುವ ಪದರಗಳ ಹೆಸರು 'ಪರ್ಲೈಟ್'. ನೀರಿಗೆ ಅದ್ದಿದ ಕತ್ತಿಯ ಬಾಯಲ್ಲಿ ಪರ್ಲೈಟ್ ಇರುವುದಿಲ್ಲ, ಸೂಜಿಗಳಂತೆ ಚುಚ್ಚಿಕೊಂಡ ಮಾರ್ಟೆನ್ಸೈಟ್ ಇರುತ್ತದೆ. ಕತ್ತಿಯ ಗಡಸುತನವೆಲ್ಲ ಆ ಸೂಜಿಗಳದ್ದು. ಆಚಾರ್ರು ಬಣ್ಣದಲ್ಲಿ ಅಳೆಯುವುದು ಇದಕ್ಕೆ ಬೇಕಾದ ಕಾವನ್ನೇ.

ನಮ್ಮ ಸೀಮೆಯಲ್ಲಿ ಈ ವಿದ್ಯೆಗೆ ತಕ್ಕ ವಸ್ತು ಕೊಡಚಾದ್ರಿಯಲ್ಲಿದೆ. ಕೊಲ್ಲೂರು ದಾಟಿ ಬೆಟ್ಟ ಹತ್ತಿದರೆ ಮೂಲ ಮೂಕಾಂಬಿಕೆಯ ಗುಡಿಯೆದುರು ಹತ್ತು ಮೀಟರಿಗೂ ಮಿಕ್ಕಿದ ಕಬ್ಬಿಣದ ಧ್ವಜಸ್ತಂಭ. ಮಲೆನಾಡಿನ ಮಳೆಯನ್ನೆಲ್ಲ ಉಂಡು ನಿಂತಿದೆ. ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರ ಮತ್ತು ಸುರತ್ಕಲ್ಲಿನ ಎನ್‌ಐಟಿಕೆ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದ್ದಾರೆ. ಹಳೆಯ ಪದ್ಧತಿಯಲ್ಲಿ ತಯಾರಾದ, ಬಹಳ ಶುದ್ಧವಾದ ಕಬ್ಬಿಣ ಅದು. ಇಂಥ ಕಬ್ಬಿಣ ಇದ್ದಿಲಿನ ಕುಲುಮೆಯಲ್ಲಿ ಪೂರ್ತಿ ಕರಗುತ್ತಿರಲಿಲ್ಲ, ಕಿಟ್ಟ ಒಳಗೇ ಉಳಿಯುತ್ತಿತ್ತು. ಸುತ್ತಿಗೆ ಬಡಿದಂತೆಲ್ಲ ಕಿಟ್ಟ ಎಳೆಎಳೆಯಾಗಿ ಉದ್ದಕ್ಕೆ ಹರಿಯುತ್ತಿತ್ತು. ಕಮ್ಮಾರ ಯಾವ ದಿಕ್ಕಿಗೆ ಬಡಿದು ನೀಳ ಮಾಡಿದ ಎಂಬುದನ್ನು ಆ ಕಪ್ಪು ಎಳೆಗಳೇ ಹೇಳುತ್ತವೆ. ಅವನ ಹೆಸರು ನಮಗೆ ಸಿಕ್ಕಿಲ್ಲ, ಕೈ ಸಿಕ್ಕಿದೆ. ನನಗೆ ಇದು ಶಾಸನಕ್ಕಿಂತ ಕಡಿಮೆಯದಲ್ಲ.

ಪೂಜೆಯ ಕಂಬವನ್ನು ಕತ್ತರಿಸಿ ತರುವಂತಿಲ್ಲವಲ್ಲ! ಅಂಥ ಕಡೆಗೂ ಉಪಾಯವಿದೆ: ರೆಪ್ಲಿಕಾ. ಬೊಟ್ಟಿನಗಲ ಜಾಗವನ್ನು ಅಲ್ಲೇ ನಯಗೊಳಿಸಿ, ನೈಟಲ್ ಸವರಿ, ಅಸಿಟೋನಿನಲ್ಲಿ ಮೆತ್ತಗಾದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒತ್ತುತ್ತಾರೆ. ಒಣಗಿದ ಮೇಲೆ ಸುಲಿದರೆ ಹರಳುಗಳ ಅಚ್ಚು ಹಾಳೆಯಲ್ಲಿರುತ್ತದೆ. ಕಂಬ ನಿಂತಲ್ಲೇ ನಿಲ್ಲುತ್ತದೆ, ಅಚ್ಚು ಗಾಜಿನ ಪಟ್ಟಿಗಳ ನಡುವೆ ಬೆಟ್ಟ ಇಳಿಯುತ್ತದೆ.